ಆಟದ ಪಿರಿಯಡ್‌ಗೂ ಒಂದು ಇತಿಹಾಸವಿದೆ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಕಲಿಸಿದ ಗುರುಗಳ ಬಗ್ಗೆ, ಕಟ್ಟಡಕ್ಕಾಗಿ ದುಡಿದ ಊರ ಹಿರಿಯರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ಇದ್ದಾರೆ. ನಾನು ಈ ಶಾಲೆಯ ಹಳೆಯ ವಿದ್ಯಾರ್ಥಿ. ಮುಂದೆ ಬೇರೆ ತಾಲೂಕುಗಳ ಪ್ರೌಢಶಾಲೆಗಳಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದವನು. ಹಾಗಾಗಿ ಇತಿಹಾಸದ ಮಾಸ್ತರನಿಗೆ ಒಗ್ಗುವ ಒಂದು ಸಣ್ಣ ವಿಷಯವನ್ನು ಆರಿಸಿಕೊಂಡಿದ್ದೇನೆ. ಅದು ನಮ್ಮ ವೇಳಾಪಟ್ಟಿಯ ಆಟದ ಪಿರಿಯಡ್.

ವಿಷಯ ಸಣ್ಣದೆಂದು ಮೇಲ್ನೋಟಕ್ಕೆ ಅನ್ನಿಸಬಹುದು. ಆದರೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂತೆಂದರೆ ಯಾವ ಶಾಲೆಯಲ್ಲಾದರೂ ಮೊದಲು ಕೈಬಿಡುವುದು ಈ ಪಿರಿಯಡನ್ನೇ. ಗಣಿತಕ್ಕೆ ಬೇಕು, ಇಂಗ್ಲಿಷಿಗೆ ಬೇಕು, ಪಾಠ ಮುಗಿದಿಲ್ಲ. ಪಾಲಕರ ಸಭೆಯಲ್ಲಿಯೂ "ಆಡಿದರೆ ಮಾರ್ಕ್ಸ್ ಬರ್ತದೇನ್ರಿ ಸರ್?" ಎಂಬ ಪ್ರಶ್ನೆಯನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಮಗುವಿನ ಸಮಯ ವ್ಯರ್ಥವಾಗಬಾರದೆಂಬ ಕಳಕಳಿ ಅದರಲ್ಲಿದೆ. ಅದಕ್ಕೆ ಉತ್ತರ ಕೊಡಬೇಕಾದರೆ ಈ ಪಿರಿಯಡ್ ಎಲ್ಲಿಂದ ಬಂತು, ಅದನ್ನು ತಂದವರು ಅದರಿಂದ ಏನನ್ನು ಬಯಸಿದ್ದರು ಎಂಬುದನ್ನು ಮೊದಲು ತಿಳಿಯಬೇಕು.

ಕೂಡಿ ನಡೆಯುವ ನಾಡು

ನಮ್ಮ ಕಾಡಿನ ಸೀಮೆಯಲ್ಲಿ ಗುಂಪಾಗಿ ನಡೆಯುವುದನ್ನು ಯಾರೂ ಶಾಲೆಯಲ್ಲಿ ಕಲಿಯಲಿಲ್ಲ. ಕುಣಬಿ ವಾಡೆಗಳಿಂದ, ಗೌಳಿವಾಡಾಗಳಿಂದ ಸಂತೆಗೆ ಬರುವವರು ಒಬ್ಬರೇ ಬರುತ್ತಿರಲಿಲ್ಲ. ಕರಡಿ, ಕಾಡುಕೋಣಗಳ ಭಯ ಒಂದು ಕಾರಣ. ಮಳೆಗಾಲದಲ್ಲಿ ಹಳ್ಳ ದಾಟಲು ಇನ್ನೊಬ್ಬರ ಕೈ ಬೇಕಾಗುವುದು ಮತ್ತೊಂದು ಕಾರಣ.

ಇದಕ್ಕಿಂತ ದೊಡ್ಡ ನಡಿಗೆ ಉಳವಿಯದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಕ್ರಾಂತಿಯಾದ ಮೇಲೆ ಚನ್ನಬಸವಣ್ಣನವರೊಂದಿಗೆ ಶರಣರು ಈ ಕಾಡಿಗೆ ಬಂದರೆಂಬುದು ಪರಂಪರೆಯ ನಂಬಿಕೆ. ಅವರ ಸಮಾಧಿ ಉಳವಿಯಲ್ಲಿದೆ. ಭಾರತ ಹುಣ್ಣಿಮೆಯ ಜಾತ್ರೆಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಇಂದಿಗೂ ಚಕ್ಕಡಿ ಕಟ್ಟಿಕೊಂಡು, ಹಲವರು ಕಾಲ್ನಡಿಗೆಯಲ್ಲಿ, ಬರುವುದನ್ನು ನಾವೆಲ್ಲ ಕಂಡಿದ್ದೇವೆ. ಹಗಲು ನಡೆಯುತ್ತಾರೆ; ಇಳಿದುಕೊಂಡಲ್ಲಿ ಒಲೆ ಹೂಡಿ, ಉಂಡು, ವಚನ ಭಜನೆಗಳಲ್ಲಿ ರಾತ್ರಿ ಕಳೆಯುತ್ತಾರೆ. ನಮ್ಮ ಹಳಿಯಾಳ, ಜೋಯಿಡಾ ಕಡೆಯ ವಾರಕರಿಗಳು ಪಂಢರಪುರಕ್ಕೆ ದಿಂಡಿಯಲ್ಲಿ ಹೋಗುವ ಕ್ರಮವೂ ಇಂಥದ್ದೇ. ದಾರಿಯಲ್ಲಿ ಅಭಂಗ, ತಂಗಿದಲ್ಲಿ ಕೀರ್ತನೆ.

ದೇವರ ಮಾತನ್ನು ಬದಿಗಿಟ್ಟು ಈ ಕ್ರಮವನ್ನಷ್ಟೇ ನೋಡಿ. ಮೊದಲು ಎಲ್ಲರೂ ಕೂಡಿ ಮೈ ದಣಿಸುವುದು, ಆಮೇಲೆ ಎಲ್ಲರೂ ಕೂಡಿ ಕುಳಿತು ಯೋಚಿಸುವುದು. ಇವೆರಡೂ ಬೇರೆ ಬೇರೆಯಾದರೆ ನಡಿಗೆ ಬರೀ ಪ್ರಯಾಣವಾಗುತ್ತದೆ, ಮಾತು ಬರೀ ಹರಟೆಯಾಗುತ್ತದೆ. ಇವೆರಡನ್ನೂ ಜೋಡಿಸಿ ಶಿಸ್ತಿನ ರೂಪ ಕೊಟ್ಟವರೊಬ್ಬರು ನಮ್ಮ ನೆರೆಯ ಧಾರವಾಡದವರೇ ಆಗಿದ್ದರು.

ಹುಬ್ಬಳ್ಳಿಯ ಡಾಕ್ಟರರು

ಡಾ. ನಾರಾಯಣ ಸುಬ್ಬರಾವ್ ಹರ್ಡೀಕರರು ಹುಟ್ಟಿದ್ದು 1889ರಲ್ಲಿ, ಧಾರವಾಡದಲ್ಲಿ. ಕಲ್ಕತ್ತೆಯಲ್ಲಿ ವೈದ್ಯಕೀಯ ಕಲಿತು, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದ ವಿಷಯವನ್ನು ಅಭ್ಯಾಸ ಮಾಡಿದರು. ಅಲ್ಲಿಯೇ ಲಾಲಾ ಲಜಪತರಾಯರ ಜೊತೆ ಭಾರತದ ಸ್ವಾತಂತ್ರ್ಯಕ್ಕಾಗಿ ಕೆಲಸ ಮಾಡಿ, 1921ರಲ್ಲಿ ತಾಯ್ನಾಡಿಗೆ ಮರಳಿದರು. ಹುಬ್ಬಳ್ಳಿಯನ್ನು ಕೇಂದ್ರವಾಗಿ ಮಾಡಿಕೊಂಡು ತರುಣರನ್ನು ಕೂಡಿಸಿದರು.

1923ರಲ್ಲಿ ನಾಗಪುರದಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು. ರಾಷ್ಟ್ರಧ್ವಜ ಹಿಡಿದು ಮೆರವಣಿಗೆ ಹೋದವರನ್ನು ಸರ್ಕಾರ ಜೈಲಿಗೆ ಹಾಕುತ್ತಿತ್ತು. ಹರ್ಡೀಕರರೂ ಅವರ ಹುಬ್ಬಳ್ಳಿಯ ಸ್ವಯಂಸೇವಕರೂ ಅಲ್ಲಿಗೆ ಹೋಗಿ ಬಂಧಿತರಾದರು. ಜೈಲಿನ ಕಠಿಣ ದುಡಿಮೆಯನ್ನು ತಾಳಲಾರದೆ ಕ್ಷಮಾಪಣೆ ಬರೆದುಕೊಟ್ಟು ಹೊರಬಂದವರೂ ಆಗ ಇದ್ದರು. ಹುಬ್ಬಳ್ಳಿಯ ತಂಡ ಹಾಗೆ ಮಾಡಲಿಲ್ಲ. ದೇಶಭಕ್ತಿ ಎಲ್ಲರಲ್ಲಿಯೂ ಇತ್ತು. ಒಂದು ತಂಡ ನಿಂತದ್ದು ಮೊದಲೇ ಕೂಡಿ ಪಡೆದ ತರಬೇತಿಯಿಂದ. ಸ್ವಯಂಸೇವಕರನ್ನು ಹೀಗೆ ತಯಾರು ಮಾಡುವ ಅಖಿಲ ಭಾರತ ಸಂಘಟನೆ ಬೇಕೆಂಬ ಮಾತಿಗೆ ಈ ಅನುಭವವೇ ಬಲ ಕೊಟ್ಟಿತು. ಅದೇ ವರ್ಷದ ಡಿಸೆಂಬರಿನಲ್ಲಿ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಸಂದರ್ಭದಲ್ಲಿ ಹಿಂದೂಸ್ತಾನಿ ಸೇವಾದಳ ಹುಟ್ಟಿತು. ಜವಾಹರಲಾಲ್ ನೆಹರೂ ಅದರ ಅಧ್ಯಕ್ಷರಾದರು.

ಇದಕ್ಕೆ ವಿರೋಧವೂ ಇತ್ತೆಂಬುದು ನಮ್ಮ ವಿಷಯಕ್ಕೆ ಮುಖ್ಯ. ನೆಹರೂ ತಮ್ಮ ಆತ್ಮಕಥೆಯಲ್ಲಿ ಅದನ್ನು ನೆನೆದಿದ್ದಾರೆ. ಕವಾಯತು, ಸಮವಸ್ತ್ರ ಇವೆಲ್ಲ ಸೈನ್ಯದ ಪದ್ಧತಿ, ಅಹಿಂಸೆಯ ಚಳವಳಿಗೆ ಇದು ಹೊಂದುವುದಿಲ್ಲ ಎಂದು ಕೆಲವು ಹಿರಿಯರು ಅಂಜಿದ್ದರು. ಸ್ವಯಂಸೇವಕ ಮೇಲಿನವರ ಅಪ್ಪಣೆ ಪಾಲಿಸಿದರೆ ಸಾಕು, ಹೆಜ್ಜೆಗೆ ಹೆಜ್ಜೆ ಹಾಕಿ ನಡೆಯುವ ಅಗತ್ಯವೇನು ಎಂಬ ಭಾವನೆ ಇನ್ನು ಕೆಲವರದಾಗಿತ್ತು. ಆ ಅಂಜಿಕೆಯನ್ನು ತಳ್ಳಿಹಾಕುವಂತಿಲ್ಲ. ಕವಾಯತು ಮೂಲದಲ್ಲಿ ಸೈನ್ಯದ್ದೇ. ಯೋಚಿಸದೆ ಅಪ್ಪಣೆ ಪಾಲಿಸುವುದನ್ನಷ್ಟೇ ಕಲಿಸಲು ಅದನ್ನು ಬಳಸಬಹುದು.

ಸೇವಾದಳದ ಉತ್ತರ ಮರುವರ್ಷವೇ ಬೆಳಗಾವಿಯಲ್ಲಿ ಕಾಣಿಸಿತು. 1924ರ ಡಿಸೆಂಬರ್ 26 ಮತ್ತು 27ರಂದು ಮಹಾತ್ಮಾ ಗಾಂಧಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಅಧಿವೇಶನ ಅದೊಂದೇ. ಗಂಗಾಧರರಾವ್ ದೇಶಪಾಂಡೆಯವರು ಅದರ ಏರ್ಪಾಡಿನ ಹೊಣೆ ಹೊತ್ತರೆ, ಸ್ವಯಂಸೇವಕರ ಪಡೆಯನ್ನು ನಡೆಸಿದವರು ಹರ್ಡೀಕರರು. ನೀರು, ಜನಸಂದಣಿ, ರೋಗಿಗಳ ಆರೈಕೆ ಎಲ್ಲವನ್ನೂ ತರಬೇತಾದ ತರುಣರು ನೋಡಿಕೊಂಡರು. ಕಾಕಾಸಾಹೇಬ ಕಾಲೇಲ್ಕರರ ನೇತೃತ್ವದಲ್ಲಿ ಮೇಲ್ಜಾತಿಯ ಸ್ವಯಂಸೇವಕರೂ ಕಕ್ಕಸು ಸ್ವಚ್ಛ ಮಾಡುವ ಕೆಲಸಕ್ಕೆ ಇಳಿದರು. ಆ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಹೆಜ್ಜೆ ಕೂಡಿಸಿ ನಡೆಯಲು ಕಲಿತವರು ಯಾಕೆ ಕೂಡಿ ನಡೆಯಬೇಕೆಂದು ಯೋಚಿಸಿದ್ದರಿಂದಲೇ ಇದು ಆಯಿತೆಂದು ನಾನು ತಿಳಿದಿದ್ದೇನೆ.

ಅದೇ ಬೆಳಗಾವಿಯಲ್ಲಿ ಹೆಣ್ಣುಮಕ್ಕಳ ಸ್ವಯಂಸೇವಕ ದಳವೂ ಇತ್ತು. ಅದನ್ನು ಕಟ್ಟಿದವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರ ಅವರು. ಚಿಕ್ಕ ವಯಸ್ಸಿನಲ್ಲಿಯೇ ವಿಧವೆಯಾದ ಅವರು ಹೆಣ್ಣುಮಕ್ಕಳ ಶಾಲೆ ನಡೆಸುತ್ತ, ಮನೆಯಿಂದ ಹೊರಗೆ ಬಾರದ ಹೆಂಗಸರನ್ನು ಮನೆಮನೆಗೆ ಹೋಗಿ ಕರೆತಂದರು.

1932ರಲ್ಲಿ ಬ್ರಿಟಿಷ್ ಸರ್ಕಾರ ಸೇವಾದಳವನ್ನು ನಿಷೇಧಿಸಿತು. ಸ್ವಾತಂತ್ರ್ಯಾನಂತರ ರಾಜಕೀಯದಿಂದ ದೂರವಾದ ಭಾರತ ಸೇವಾದಳವಾಗಿ ಅದು ಕರ್ನಾಟಕದ ಶಾಲೆಗಳಿಗೆ ಬಂತು. ರಾಷ್ಟ್ರಗೀತೆಯನ್ನು ಸರಿಯಾಗಿ ಹಾಡುವುದು, ಧ್ವಜ ಕಟ್ಟುವ ವಿಧಾನ, ಸಾಮೂಹಿಕ ಕವಾಯತು, ಭಾವೈಕ್ಯತಾ ಮಕ್ಕಳ ಮೇಳ ಇವೆಲ್ಲ ನಮ್ಮ ಸರ್ಕಾರಿ ಶಾಲೆಗಳಿಗೆ ಪರಿಚಿತವಾದದ್ದು ಈ ದಾರಿಯಿಂದ. ಹರ್ಡೀಕರರು 1952ರಿಂದ 1962ರವರೆಗೆ ರಾಜ್ಯಸಭೆಯ ಸದಸ್ಯರಾಗಿದ್ದು, 1958ರಲ್ಲಿ ಪದ್ಮಭೂಷಣ ಪಡೆದು, 1975ರಲ್ಲಿ ತೀರಿಕೊಂಡರು.

ಇದರ ಜೊತೆಗೆ ಬೇರೆ ತೊರೆಗಳೂ ಬಂದು ಸೇರಿದವು. 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಬೇಡನ್ ಪೊವೆಲ್ 20 ಹುಡುಗರನ್ನು ಕರೆದೊಯ್ದು ಶಿಬಿರ ನಡೆಸಿದರು. ಹಗಲೆಲ್ಲ ಬಯಲಿನ ಕೆಲಸ, ಸಂಜೆ ಬೆಂಕಿಯ ಸುತ್ತ ಕುಳಿತು ಮಾತು. ಇಲ್ಲಿಯೂ ಅದೇ ಕ್ರಮವನ್ನು ಗಮನಿಸಿ. ಎರಡೇ ವರ್ಷದಲ್ಲಿ, 1909ರಲ್ಲಿ, ಸ್ಕೌಟ್ ದಳ ಬೆಂಗಳೂರಿಗೆ ಬಂತು. ಮೊದಲಿಗೆ ಭಾರತೀಯ ಮಕ್ಕಳಿಗೆ ಅದರಲ್ಲಿ ಪ್ರವೇಶವಿರಲಿಲ್ಲ. ಬೇರೆ ಬೇರೆ ಸ್ಕೌಟ್ ಸಂಘಗಳು ಒಂದಾಗಿ ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಆದದ್ದು 1950ರ ನವೆಂಬರ್ 7ರಂದು. ನಮ್ಮ ಜಿಲ್ಲೆ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತಲ್ಲವೇ? ಮುಂಬಯಿ ಸರ್ಕಾರ 1938ರಲ್ಲಿ ಕಾಂದಿವಲಿಯಲ್ಲಿ ದೈಹಿಕ ಶಿಕ್ಷಣದ ತರಬೇತಿ ಸಂಸ್ಥೆಯನ್ನು ತೆರೆದಿತ್ತು. ಲೇಜೀಮು, ಡಂಬೆಲ್ಸ್, ಮಲ್ಲಕಂಬ, ಖೋ ಖೋ ಇವು ಈ ಭಾಗದ ಶಾಲೆಗಳಲ್ಲಿ ಬೇರೂರಿದ್ದು ಆ ಮುಂಬಯಿ ಕಾಲದ ನಂಟಿನಿಂದ.

ಮುಳುಗಿದ ಸೂಪಾ, ಹೊಸ ಮೈದಾನ

ಇಷ್ಟೆಲ್ಲ ಇತಿಹಾಸ ನಮ್ಮ ಮೈದಾನಕ್ಕೆ ಬಂದು ಮುಟ್ಟಿದಾಗ ಊರಿನ ಸ್ಥಿತಿ ಹೇಗಿತ್ತೆಂಬುದನ್ನು ಇಂದಿನ ಮಕ್ಕಳು ತಿಳಿಯಬೇಕು. ಡಿಗ್ಗಿಯ ಬಳಿ ಹುಟ್ಟುವ ಕಾಳಿ ನದಿಗೆ ಪಾಂಡರಿ ನದಿ ಸೇರುವಲ್ಲಿ ಸೂಪಾ ಪೇಟೆ ಇತ್ತು. ತಾಲೂಕಿಗೂ ಅದೇ ಹೆಸರು. ಕಾಳಿ ವಿದ್ಯುತ್ ಯೋಜನೆಗಾಗಿ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಅಣೆಕಟ್ಟು ಎದ್ದಿತು. ಪೇಟೆ, ಗದ್ದೆ, ಗುಡಿ, ಸುತ್ತಲಿನ ಹಳ್ಳಿಗಳು ನೀರಿನಡಿ ಹೋದವು. ತಾಲೂಕು ಕೇಂದ್ರ ಜೋಯಿಡಾ ಆಯಿತು. ಹಲವರು ರಾಮನಗರದಲ್ಲಿ ಹೊಸ ಬದುಕು ಹೂಡಿದರು. ನಾಡಿಗೆ ಬೆಳಕು ಬಂತು. ನಮ್ಮ ಹಿರಿಯರಿಗೆ ಊರು ಹೋಯಿತು.

ಊರು ಹೋಗುವುದೆಂದರೆ ಮನೆ ಹೋಗುವುದಷ್ಟೇ ಅಲ್ಲ. ಜೊತೆಯಲ್ಲಿ ನಡೆಯುತ್ತಿದ್ದ ಗುಂಪು ಚದುರುತ್ತದೆ. ನನ್ನ ತರಗತಿಯಲ್ಲಿ ಕೊಂಕಣಿ, ಮರಾಠಿ, ಕನ್ನಡ, ಉರ್ದು ಮನೆಮಾತಿನ ಮಕ್ಕಳಿದ್ದರು. ಯೋಜನೆಯ ಕೆಲಸಕ್ಕೆಂದು ದೂರದ ಊರುಗಳಿಂದ ಬಂದವರ ಮಕ್ಕಳೂ ಇದ್ದರು. ತರಗತಿಯ ಒಳಗೆ ಆಯಾ ಮಾತಿನವರು ಆಯಾ ಬೆಂಚಿನಲ್ಲಿ ಕೂರುತ್ತಿದ್ದೆವು. ಮೈದಾನದಲ್ಲಿ ಮಾತ್ರ ಎತ್ತರದ ಪ್ರಕಾರ ಸಾಲು. ಸಾವಧಾನ್, ವಿಶ್ರಾಮ್ ಎಂಬ ಆಜ್ಞೆಗಳು ಯಾರ ಮನೆಮಾತೂ ಅಲ್ಲ, ಆದ್ದರಿಂದ ಎಲ್ಲರಿಗೂ ಸಮಾನ.

ನಮ್ಮ ದೈಹಿಕ ಶಿಕ್ಷಕರಿಗೆ ಒಂದು ರೂಢಿಯಿತ್ತು. ಶನಿವಾರ ಬೆಳಗಿನ ಸಾಮೂಹಿಕ ಕವಾಯತು ಮುಗಿದ ಮೇಲೆ ಹತ್ತು ನಿಮಿಷ ಎಲ್ಲರನ್ನೂ ನೆಲದ ಮೇಲೆ ಗೋಲಾಕಾರದಲ್ಲಿ ಕೂರಿಸುತ್ತಿದ್ದರು. ಅವರು ಕೇಳುತ್ತಿದ್ದ ಪ್ರಶ್ನೆ ಮೂರೇ. ಇಂದು ಏನು ಚೆನ್ನಾಯಿತು? ಯಾರು ಹಿಂದೆ ಬಿದ್ದರು, ಯಾಕೆ? ಮುಂದಿನ ವಾರ ಏನು ಮಾಡೋಣ? ಉತ್ತರವನ್ನು ನಾವೇ ಹೇಳಬೇಕು, ಅವರು ಸುಮ್ಮನೆ ಕೇಳುತ್ತಿದ್ದರು.

ಒಮ್ಮೆ ಓಟದಲ್ಲಿ ವಾರವಾರವೂ ಹಿಂದೆ ಬೀಳುತ್ತಿದ್ದ ಒಬ್ಬ ಹುಡುಗನ ಮಾತು ಬಂತು. ಅವನು ಸೋಮಾರಿ ಎಂದು ಕೆಲವರು ಹೇಳಿದರು. ಮಾಸ್ತರು ಅವನನ್ನೇ ಮಾತಾಡಿಸಿದರು. ಅವನು ನಸುಕಿನಲ್ಲಿ ಎದ್ದು ಕಾಡಿನ ದಾರಿಯಲ್ಲಿ ಆರು ಕಿಲೋಮೀಟರ್ ನಡೆದು ಬರುತ್ತಿದ್ದ, ಅದೂ ಬರೀ ಹೊಟ್ಟೆಯಲ್ಲಿ. ಆಗ ಬಿಸಿಯೂಟವಿರಲಿಲ್ಲ. ಮುಂದಿನ ಶನಿವಾರದಿಂದ ಊರಿನಲ್ಲೇ ಮನೆಯಿದ್ದವರು ಸರದಿಯ ಮೇಲೆ ಎರಡು ಭಾಕರಿ ಹೆಚ್ಚು ಕಟ್ಟಿಕೊಂಡು ಬರತೊಡಗಿದರು. ಇದನ್ನು ಯಾರೂ ಆಜ್ಞೆ ಮಾಡಿ ಮಾಡಿಸಲಿಲ್ಲ. ಆ ಹತ್ತು ನಿಮಿಷ ಕೂರದೇ ಇದ್ದಿದ್ದರೆ ಅವನು ನಮ್ಮ ಕಣ್ಣಿಗೆ ಹತ್ತನೆಯ ತರಗತಿಯವರೆಗೂ ಸೋಮಾರಿಯೇ ಆಗಿ ಉಳಿಯುತ್ತಿದ್ದ. ಬಹುಶಃ ಹತ್ತನೆಯವರೆಗೆ ಬರುತ್ತಲೂ ಇರಲಿಲ್ಲ.

ದೂರದಿಂದ ನಡೆದು ಬರುವ ಮಗುವಿಗೆ ಮತ್ತೆ ವ್ಯಾಯಾಮ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಅವನ ನಡಿಗೆ ದುಡಿಮೆ, ಅದನ್ನು ಯಾರೂ ನೋಡುವುದಿಲ್ಲ. ಮೈದಾನದಲ್ಲಿ ಅವನು ಹತ್ತು ಮಂದಿಯಲ್ಲಿ ಒಬ್ಬನಾಗುತ್ತಾನೆ, ಉಳಿದ ಒಂಬತ್ತು ಮಂದಿ ಅವನನ್ನು ಕಾಣುತ್ತಾರೆ.

ಒಂದು ಕೊರತೆಯನ್ನೂ ದಾಖಲಿಸಬೇಕು. ಉಮಾಬಾಯಿಯವರ ದಳ ಬೆಳಗಾವಿಯಲ್ಲಿ ಕೆಲಸ ಮಾಡಿ ಅರ್ಧ ಶತಮಾನ ಕಳೆದಿದ್ದರೂ, ಆ ಕಾಲದ ಬಹುತೇಕ ಹಳ್ಳಿ ಶಾಲೆಗಳಲ್ಲಿ ಆಟದ ಪಿರಿಯಡ್ ಎಂದರೆ ಹೆಣ್ಣುಮಕ್ಕಳು ಜಗಲಿಯ ಮೇಲೆ ಕುಳಿತು ನೋಡುವ ಹೊತ್ತಾಗಿತ್ತು. ಇಂದು ಇದೇ ಮೈದಾನದಲ್ಲಿ ಹುಡುಗಿಯರು ಖೋ ಖೋ, ಕಬಡ್ಡಿ ಆಡುವುದನ್ನು ನೋಡಿದಾಗ ಐವತ್ತು ವರ್ಷ ವ್ಯರ್ಥವಾಗಲಿಲ್ಲ ಅನ್ನಿಸುತ್ತದೆ.

ಓಡುವವರನ್ನು ಆರಿಸಿದ ಕಾಲ

ನಮ್ಮ ಜಿಲ್ಲೆಯ ಕ್ರೀಡೆಯ ಇತಿಹಾಸದಲ್ಲಿ ಇನ್ನೊಂದು ಅಧ್ಯಾಯವಿದೆ. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಹಳಿಯಾಳ, ಮುಂಡಗೋಡ, ಯಲ್ಲಾಪುರ ಕಡೆಯ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಅವರಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಪದಕ ಗೆದ್ದು ಜಿಲ್ಲೆಗೆ ಹೆಸರು ತಂದರು. ಆದರೆ 1993ರ ಹೊತ್ತಿಗೆ ಆ ಯೋಜನೆ ನಿಂತಿತು. ಹತ್ತಾರು ಮಕ್ಕಳು ಊರಿಗೆ ಮರಳಿ ಕೂಲಿಗೆ ಹೋದರು. ಇತ್ತೀಚಿನ ವರ್ಷಗಳಲ್ಲಿ ಮುಂಡಗೋಡ ಕಡೆ ಇಂಥ ತರಬೇತಿ ಮತ್ತೆ ಆರಂಭವಾಗಿರುವುದು ಸಂತೋಷದ ಸಂಗತಿ.

ಪ್ರತಿಭೆಯನ್ನು ಆರಿಸಿ ಬೆಳೆಸುವುದು ಬೇಕು. ಹಳಿಯಾಳದ ಕುಸ್ತಿಪಟುಗಳ ಪರಂಪರೆಯೂ ನಮ್ಮ ಹೆಮ್ಮೆಯೇ. ಆದರೆ ಆರಿಸಿದ ಕೆಲವರ ವ್ಯಾಯಾಮ ಒಂದು ಯೋಜನೆಯ ಅದೃಷ್ಟವನ್ನು ನೆಚ್ಚಿರುತ್ತದೆ. ಎಲ್ಲ ಮಕ್ಕಳ ವ್ಯಾಯಾಮ ಶಾಲೆಯ ವೇಳಾಪಟ್ಟಿಯನ್ನು ನೆಚ್ಚಿರುತ್ತದೆ. ಮೊದಲನೆಯದು ನಿಂತರೆ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಎರಡನೆಯದು ಸದ್ದಿಲ್ಲದೆ ನಿಲ್ಲುತ್ತದೆ.

ಐವತ್ತಮೂರು ಗಂಟೆ

ಈಗ ಲೆಕ್ಕಕ್ಕೆ ಬರೋಣ. ವಾರಕ್ಕೆ 40 ನಿಮಿಷದ ಎರಡು ಪಿರಿಯಡ್, ವರ್ಷಕ್ಕೆ 40 ವಾರ ಎಂದು ಹಿಡಿದರೆ ಸುಮಾರು 53 ಗಂಟೆ. ಅಂದರೆ ಎರಡು ಹಗಲು, ಎರಡು ರಾತ್ರಿ, ಮೇಲೆ ಐದು ಗಂಟೆ. ಒಂದು ವರ್ಷದಲ್ಲಿ ಇಷ್ಟನ್ನು ಉಳಿಸಿ ನಾವು ಗಣಿತಕ್ಕೆ ಕೊಡುತ್ತೇವೆ. ಅದೇ ಮಗು ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಮೊಬೈಲ್ ನೋಡಿದರೆ ಎರಡು ತಿಂಗಳೊಳಗೆ 53 ಗಂಟೆ ಮುಗಿಯುತ್ತದೆ. ಕಳೆದುಹೋಗುವ ಸಮಯ ಎಲ್ಲಿದೆ ಎಂದು ಪಾಲಕರೇ ತೂಗಿ ನೋಡಲಿ.

5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷದ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 146 ದೇಶಗಳ ಮಾಹಿತಿಯನ್ನು ಕೂಡಿಸಿ ಆ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 11ರಿಂದ 17 ವಯಸ್ಸಿನವರಲ್ಲಿ ಶೇ. 81 ಮಂದಿಗೆ ಅಷ್ಟು ಚಟುವಟಿಕೆ ಸಿಗುತ್ತಿಲ್ಲ. ಇದು ಪಟ್ಟಣದ ಮಾತು, ನಮ್ಮ ಕಾಡಿನ ಮಕ್ಕಳಿಗೆ ತಾಗದು ಎಂದು ಕೆಲವು ವರ್ಷಗಳ ಹಿಂದೆ ನಾವು ಹೇಳಬಹುದಿತ್ತು. ಈಗ ವಾಡೆಗಳಿಗೆ ರಸ್ತೆ ಬಂದಿದೆ, ಬಸ್ಸು, ಟೆಂಪೊ ಬಂದಿವೆ, ಎಷ್ಟೋ ಮಕ್ಕಳು ಹಾಸ್ಟೆಲಿನಲ್ಲಿ ಇರುತ್ತಾರೆ. ಇದೆಲ್ಲ ಒಳ್ಳೆಯದೇ. ಬರೀ ಹೊಟ್ಟೆಯಲ್ಲಿ ಆರು ಕಿಲೋಮೀಟರ್ ನಡೆಯುವ ಕಷ್ಟ ಯಾವ ಮಗುವಿಗೂ ಮರಳಿ ಬಾರದಿರಲಿ. ಆದರೆ ಕಷ್ಟದ ಜೊತೆಗೆ ಕೂಡಿ ನಡೆಯುವ ಅಭ್ಯಾಸವೂ ಹೋಯಿತು. ಅದನ್ನು ತಿರುಗಿ ತರಬಲ್ಲ ಜಾಗವೆಂದರೆ ಶಾಲೆಯೊಂದೇ.

ಹಳೆಯ ವಿದ್ಯಾರ್ಥಿಗಳ ಮತ್ತು ಶಿಕ್ಷಕರ ಮುಂದೆ ಒಂದು ಸಲಹೆ ಇಡುತ್ತೇನೆ. ವಾರಕ್ಕೊಮ್ಮೆ ಶನಿವಾರ ಬೆಳಿಗ್ಗೆ ಮುಕ್ಕಾಲು ಗಂಟೆ. ಅದರಲ್ಲಿ ಅರ್ಧ ಗಂಟೆ ಎಲ್ಲರೂ ಕೂಡಿ ಕವಾಯತು, ಆಟ, ಇಲ್ಲವೇ ಊರಿನ ಸುತ್ತ ಒಂದು ನಡಿಗೆ. ಉಳಿದ ಕಾಲು ಗಂಟೆ ಗೋಲಾಕಾರದಲ್ಲಿ ಕುಳಿತು ಅದೇ ಮೂರು ಪ್ರಶ್ನೆ. ಬ್ಯಾಗಿಲ್ಲದ ಸಂಭ್ರಮ ಶನಿವಾರದ ದಿನ ನಡಿಗೆಯನ್ನು ಇನ್ನಷ್ಟು ದೂರ ಒಯ್ಯಬಹುದು. ಹಳೆಯ ಸೂಪಾ ಕಂಡ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಹಿನ್ನೀರಿನ ಅಂಚಿಗೆ ಹೋದರೆ ಅದೇ ಇತಿಹಾಸದ ಪಾಠವೂ ಆಗುತ್ತದೆ. ಕಾಡಿನ ಅಂಚಿನಲ್ಲಿ ಅರಣ್ಯ ಇಲಾಖೆಯವರಿಗೆ ತಿಳಿಸಿಯೇ ಹೋಗಬೇಕು, ಗುಂಪು ಒಡೆಯಬಾರದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆ, ಉಂಬಳಗಳ ಕಾಟ ಎಲ್ಲರಿಗೂ ಗೊತ್ತು. ಆ ನಾಲ್ಕು ತಿಂಗಳಿಗೆ ಮಾತ್ರ ಒಂದು ತಗಡಿನ ಚಪ್ಪರ ಬೇಕು. ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳು ಏನು ಕೊಡಬೇಕೆಂದು ಯೋಚಿಸುತ್ತಿದ್ದೇವಲ್ಲ, ಸ್ವಾಗತ ಕಮಾನಿಗಿಂತ ಮೊದಲು ಈ ಚಪ್ಪರವಾಗಲಿ ಎಂಬುದು ನನ್ನ ವಿನಂತಿ. ನನ್ನ ಪಾಲಿನ ದೇಣಿಗೆಯನ್ನು ಅದಕ್ಕೆಂದೇ ತೆಗೆದಿಟ್ಟಿದ್ದೇನೆ.

ಹತ್ತನೆಯ ತರಗತಿಯವರ ಶನಿವಾರವನ್ನು ಪರೀಕ್ಷೆಯ ನೆಪದಲ್ಲಿ ಕಿತ್ತುಕೊಳ್ಳಬಾರದು ಎಂಬುದು ಎರಡನೆಯ ವಿನಂತಿ. ಆ ವರ್ಷ ಮುಗಿದ ಮೇಲೆ ಅವರು ದಾಂಡೇಲಿಗೆ, ಹುಬ್ಬಳ್ಳಿಗೆ, ಬೆಳಗಾವಿಗೆ, ಗೋವೆಗೆ ಚದುರಿ ಹೋಗುತ್ತಾರೆ. ಒಟ್ಟಿಗೆ ಸಾಲಿನಲ್ಲಿ ನಿಂತು, ಒಟ್ಟಿಗೆ ನೆಲದ ಮೇಲೆ ಕುಳಿತು ಒಬ್ಬರನ್ನೊಬ್ಬರು ಅರಿಯಲು ಅವರಿಗೆ ಉಳಿದಿರುವುದು ಆ 40 ಶನಿವಾರಗಳೇ.